ರಾಮನ್ ಬೇಡವೆಂದ ಹುಡುಗಿ ಮತ್ತು ಇನ್ನಿಬ್ಬರು

ಬೆಂಗಳೂರಿನ ಹಳಬರು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ 1933ರಲ್ಲಿ ಮುಂಬೈಯಿಂದ ಒಂದು ಅರ್ಜಿ ಬಂತು. ಅರ್ಜಿ ಹಾಕಿದವರು ಕಮಲಾ ಭಾಗವತ್. ರಸಾಯನಶಾಸ್ತ್ರ ಮತ್ತು ಭೌತಶಾಸ್ತ್ರ ಓದಿ, ಬಿ.ಎಸ್ಸಿ.ಯಲ್ಲಿ ಮುಂಬೈ ವಿಶ್ವವಿದ್ಯಾಲಯಕ್ಕೇ ಮೊದಲಿಗರಾಗಿ ಬಂದಿದ್ದರು. ತಂದೆ ನಾರಾಯಣರಾವ್, ತಂದೆಯ ಸೋದರ ಮಾಧವರಾವ್ ಇಬ್ಬರೂ ರಸಾಯನ ವಿಜ್ಞಾನಿಗಳು. ಇಬ್ಬರೂ ಅದೇ ಟಾಟಾ ಸಂಸ್ಥೆಯಲ್ಲಿ ಓದಿದವರು. ಹಾಗಾಗಿ ಬಿ.ಎಸ್ಸಿ. ಮುಗಿದ ಮೇಲೆ ಬೆಂಗಳೂರಿಗೆ ಹೋಗುವುದು ಕಮಲಾ ಅವರಿಗೆ ಯೋಚಿಸಬೇಕಾದ ವಿಷಯವೇ ಆಗಿರಲಿಲ್ಲ.

ಅರ್ಜಿ ತಿರಸ್ಕೃತವಾಯಿತು. ಅಂಕ ಕಡಿಮೆ ಬಿದ್ದಿರಲಿಲ್ಲ. ಅರ್ಜಿ ಹಾಕಿದ್ದು ಹುಡುಗಿ ಎಂಬುದೊಂದೇ ಕಾರಣ. ತಿರಸ್ಕರಿಸಿದವರು ಅದೇ ವರ್ಷ ಸಂಸ್ಥೆಯ ನಿರ್ದೇಶಕರಾಗಿ ಬಂದಿದ್ದ ಸರ್ ಸಿ.ವಿ. ರಾಮನ್. ಮೂರು ವರ್ಷದ ಹಿಂದಷ್ಟೇ ಅವರಿಗೆ ನೊಬೆಲ್ ಬಂದಿತ್ತು. ಅವರ ಮಾತೆಂದರೆ ದೇಶದ ವಿಜ್ಞಾನದಲ್ಲಿ ಕೊನೆಯ ಮಾತು. ಕಮಲಾ ಅವರ ತಂದೆ ಮತ್ತು ಮಾಧವರಾವ್ ಹೋಗಿ ಕೇಳಿಕೊಂಡರೂ ತಮ್ಮ ಸಂಸ್ಥೆಗೆ ಹುಡುಗಿಯರನ್ನು ಸೇರಿಸಿಕೊಳ್ಳುವುದಿಲ್ಲ ಎಂದುಬಿಟ್ಟರು.

ಕಮಲಾ ಸ್ವತಃ ಬೆಂಗಳೂರಿಗೆ ಬಂದರು, ರಾಮನ್ ಅವರ ಕಚೇರಿಯ ಮುಂದೆ ಸತ್ಯಾಗ್ರಹ ಹೂಡಿದರು. ಗಾಂಧೀಜಿಯ ಕಾಲ ಅದು. ಆ ಪದ ಎಲ್ಲರ ಬಾಯಲ್ಲಿತ್ತು. ಆದರೆ ಒಂದು ಪ್ರಯೋಗಾಲಯದ ಬಾಗಿಲಿನಲ್ಲಿ, ಒಬ್ಬ ನೊಬೆಲ್ ವಿಜ್ಞಾನಿಯ ಎದುರು ಇಪ್ಪತ್ತರ ಆಸುಪಾಸಿನ ಹೆಣ್ಣುಮಗಳು ಅದನ್ನು ಬಳಸುತ್ತಾಳೆಂದು ಯಾರೂ ಎಣಿಸಿರಲಾರರು. ಕೊನೆಗೆ ರಾಮನ್ ಒಪ್ಪಿದರು, ಷರತ್ತು ಹಾಕಿ. ಮೊದಲ ಒಂದು ವರ್ಷ ಅವರು ರೆಗ್ಯುಲರ್ ವಿದ್ಯಾರ್ಥಿನಿಯಲ್ಲ, ಕೆಲಸ ತೃಪ್ತಿಕರ ಎನಿಸಿದರಷ್ಟೇ ಮಾನ್ಯತೆ. ಮಾರ್ಗದರ್ಶಕರು ಹೇಳಿದರೆ ರಾತ್ರಿ ಎಷ್ಟು ಹೊತ್ತಾದರೂ ಕೆಲಸ ಮಾಡಬೇಕು. ಮತ್ತು ಪ್ರಯೋಗಾಲಯದ ವಾತಾವರಣವನ್ನು ‘ಕೆಡಿಸಬಾರದು’.

ಈ ಮೂರನೆಯ ಷರತ್ತಿನ ಬಳಿ ನಾನು ಪ್ರತಿ ಸಲವೂ ನಿಲ್ಲುತ್ತೇನೆ. ಮಕ್ಕಳಿಗಾಗಿ ಬರುವ ‘ಮಹಿಳಾ ಸಾಧಕಿಯರು’ ಪುಸ್ತಕಗಳಲ್ಲಿ, ಮಾರ್ಚ್ 8ರ ಭಾಷಣಗಳಲ್ಲಿ ಈ ಭಾಗ ಸಾಮಾನ್ಯವಾಗಿ ಒಂದೇ ಸಾಲಿಗೆ ಇಳಿದಿರುತ್ತದೆ: ‘ಅನೇಕ ಅಡೆತಡೆಗಳನ್ನು ಎದುರಿಸಿ ಸಾಧನೆ ಮಾಡಿದರು’. ಅಡೆತಡೆ ಎಂದರೆ ಯಾವುದು, ಯಾರು ಒಡ್ಡಿದ್ದು, ಏನೆಂದು ಹೇಳಿ ಒಡ್ಡಿದರು ಎಂಬುದು ಅಲ್ಲಿರುವುದಿಲ್ಲ. ಸಾಧನೆ ಎಂದರೆ ಯಾವ ಕೆಲಸ, ಬೆಳಿಗ್ಗೆ ಎದ್ದು ಹೋಗಿ ಅವರು ಮಾಡುತ್ತಿದ್ದುದೇನು ಎಂಬುದೂ ಇರುವುದಿಲ್ಲ. ಕಷ್ಟವೂ ಅಳಿಸಿಹೋಗಿ, ಕೆಲಸವೂ ಅಳಿಸಿಹೋಗಿ, ಉಳಿಯುವುದು ಒಂದು ಭಾವಚಿತ್ರ, ಕೆಳಗೊಂದು ಬಿರುದು. ಹನ್ನೆರಡು ವರ್ಷದ ಹುಡುಗಿಗೆ ಅದರಿಂದ ಪರೀಕ್ಷೆಯಲ್ಲಿ ಎರಡು ಅಂಕ ಸಿಗಬಹುದು. ನಾಳೆ ಅವಳದೇ ಅರ್ಜಿಯನ್ನು ಯಾರಾದರೂ ತಿರುಗಿಸಿ ಕೊಟ್ಟರೆ ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ. ಅದಕ್ಕೇ ಈ ಕಥೆಗಳನ್ನು ಹೆಸರು ಹಿಡಿದು, ಕೆಲಸ ತೋರಿಸಿ ಹೇಳಬೇಕು ಎಂಬುದು ನನ್ನ ಹಟ. ಬೆಂಗಳೂರಿನ ಒಂದೇ ಸಂಸ್ಥೆಯನ್ನು ಹತ್ತು ವರ್ಷಗಳ ಅವಧಿಯಲ್ಲಿ ಹೊಕ್ಕ ಮೂವರನ್ನು ಇಲ್ಲಿ ಆರಿಸಿಕೊಂಡಿದ್ದೇನೆ.

ಕಮಲಾ ಅವರಿಗೆ ಸಿಕ್ಕ ಮಾರ್ಗದರ್ಶಕರು ಎಂ. ಶ್ರೀನಿವಾಸಯ್ಯ. ಶಿಸ್ತಿನ ಮನುಷ್ಯ, ಆದರೆ ಕಲಿಯುವವರ ಮೇಲೆ ಅಕ್ಕರೆ. ಜೀವರಸಾಯನ ಕ್ಷೇತ್ರದ ದೊಡ್ಡವರ ಬರಹಗಳನ್ನೆಲ್ಲ ಓದಿಸಿದರು. ಹಾಲಿನಲ್ಲಿ, ಬೇಳೆಕಾಳುಗಳಲ್ಲಿ ಇರುವ ಪ್ರೊಟೀನುಗಳನ್ನು ಬೇರ್ಪಡಿಸಿ ನೋಡುವುದು ಕಮಲಾ ಅವರ ಕೆಲಸ. ಬಹುಪಾಲು ಜನರ ಊಟದಲ್ಲಿ ಬೇಳೆಯೇ ಮುಖ್ಯ ಪ್ರೊಟೀನಾಗಿರುವ ದೇಶದಲ್ಲಿ ಇದು ನೇರವಾಗಿ ತಟ್ಟೆಗೆ ಸಂಬಂಧಿಸಿದ ವಿಜ್ಞಾನ. ವರ್ಷ ಕಳೆಯಿತು. ರಾಮನ್ ಕೆಲಸ ನೋಡಿ ಒಪ್ಪಿದರು, ರೆಗ್ಯುಲರ್ ಸಂಶೋಧನೆಗೆ ಅನುಮತಿ ಕೊಟ್ಟರು. ಅಲ್ಲಿಂದಾಚೆಗೆ ಸಂಸ್ಥೆಯ ಬಾಗಿಲು ಬೇರೆ ಹೆಣ್ಣುಮಕ್ಕಳಿಗೂ ತೆರೆಯಿತು. ಆದರೂ ಆ ಅವಮಾನವನ್ನು ಕಮಲಾ ಮರೆಯಲಿಲ್ಲ. ರಾಮನ್ ದೊಡ್ಡ ವಿಜ್ಞಾನಿ ನಿಜ, ಹೆಣ್ಣೆಂಬ ಕಾರಣಕ್ಕೆ ತನ್ನನ್ನು ನಡೆಸಿಕೊಂಡ ರೀತಿಯಲ್ಲಿ ಮಾತ್ರ ಸಣ್ಣತನವಿತ್ತು ಎಂದು ಮುಪ್ಪಿನಲ್ಲೂ ಬಿಚ್ಚಿ ಹೇಳಿದರು.

1936ರಲ್ಲಿ ಎಂ.ಎಸ್ಸಿ. ಪದವಿ ಬಂತು. ಮುಂದಿನ ಪಯಣ ಕೇಂಬ್ರಿಜ್‌ಗೆ. ಅಲ್ಲಿ ಫ್ರೆಡರಿಕ್ ಗೌಲಂಡ್ ಹಾಪ್ಕಿನ್ಸ್ ಅವರ ಪ್ರಯೋಗಾಲಯದಲ್ಲಿ ಖಾಲಿ ಜಾಗವಿರಲಿಲ್ಲ. ಡೆರೆಕ್ ರಿಕ್ಟರ್ ಎಂಬ ವಿಜ್ಞಾನಿ ತಮ್ಮ ಮೇಜನ್ನೇ ಹಂಚಿಕೊಂಡರು. ಹಗಲು ಕಮಲಾ ಅಲ್ಲಿ ಕೆಲಸ ಮಾಡುವುದು, ರಾತ್ರಿ ಅವರು ಮಾಡುವುದು. ಒಂದೆಡೆ ಜಾಗವಿದ್ದೂ ಬೇಡವೆಂದವರು, ಇನ್ನೊಂದೆಡೆ ಜಾಗವಿಲ್ಲದಿದ್ದರೂ ನಿದ್ದೆ ಬಿಟ್ಟು ಜಾಗ ಮಾಡಿಕೊಟ್ಟವರು. ಇಬ್ಬರನ್ನೂ ಮಕ್ಕಳಿಗೆ ಪರಿಚಯಿಸಬೇಕು.

ರಿಕ್ಟರ್ ಬೇರೆಡೆಗೆ ಹೋದ ಮೇಲೆ ರಾಬಿನ್ ಹಿಲ್ ಅವರೊಂದಿಗೆ ಸಸ್ಯಗಳ ಅಧ್ಯಯನ ಮುಂದುವರಿಯಿತು. ಪ್ರಯೋಗಕ್ಕೆ ಆಯ್ದದ್ದು ಆಲೂಗಡ್ಡೆ. ನಾವು ಉಸಿರಾಡುವ ಆಮ್ಲಜನಕದಿಂದ ಜೀವಕೋಶ ಶಕ್ತಿ ಪಡೆಯುವ ಹಾದಿಯಲ್ಲಿ ಕಬ್ಬಿಣದ ಅಂಶವುಳ್ಳ ಸೈಟೋಕ್ರೋಮ್ ಸಿ ಎಂಬ ಪ್ರೊಟೀನಿಗೆ ದೊಡ್ಡ ಪಾತ್ರವಿದೆ. ಎಲೆಕ್ಟ್ರಾನುಗಳನ್ನು ಈ ಕೈಯಿಂದ ಆ ಕೈಗೆ ದಾಟಿಸುವುದು ಅದರ ಕೆಲಸ. ಅದು ಗಿಡಗಳ ಜೀವಕೋಶದಲ್ಲೂ ಇದೆ, ಅಲ್ಲಿಯೂ ಅದೇ ಕೆಲಸ ಮಾಡುತ್ತದೆ ಎಂದು ಕಮಲಾ ತೋರಿಸಿಕೊಟ್ಟರು. ಪಿಎಚ್.ಡಿ.ಗೆ ಸಲ್ಲಿಸಿದ ಪ್ರಬಂಧ ಬರೀ 40 ಪುಟ. 1939ರಲ್ಲಿ ಪದವಿ ಬಂತು. ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದ ಮೊದಲ ಭಾರತೀಯ ಮಹಿಳೆ ಎಂದು ಅವರನ್ನು ಕರೆಯುತ್ತಾರೆ. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ 1931ರಲ್ಲೇ ಮಿಚಿಗನ್‌ನಿಂದ ಡಿ.ಎಸ್ಸಿ. ಪಡೆದಿದ್ದರೆಂಬುದನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ‘ಮೊದಲಿಗರು’ ಯಾರೆಂಬ ಪೈಪೋಟಿ ನನಗೆ ಅಷ್ಟು ಮುಖ್ಯವೆನಿಸುವುದಿಲ್ಲ. ಆ 40 ಪುಟಗಳಲ್ಲಿ ಏನಿತ್ತು ಎಂಬುದು ಮುಖ್ಯ.

ಮರಳಿ ಬಂದು ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ, ಆಮೇಲೆ ಕೂನೂರಿನ ಪೋಷಣಾ ಸಂಶೋಧನಾಲಯದಲ್ಲಿ ದುಡಿದರು. 1947ರಲ್ಲಿ ಎಂ.ವಿ. ಸೊಹೊನಿ ಅವರನ್ನು ಮದುವೆಯಾಗಿ ಮುಂಬೈಗೆ ಬಂದು, ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನ ವಿಭಾಗ ಕಟ್ಟಿದರು. ಈ ಕಾಲದ ಒಂದು ಕೆಲಸ ನಮ್ಮ ಅಡುಗೆಮನೆಗೆ ತೀರಾ ಹತ್ತಿರದ್ದು. 1955ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಕಮಲಾ ಸೊಹೊನಿ ಮತ್ತು ಅವರ ಸಹೋದ್ಯೋಗಿ ಒಂದು ಪುಟ್ಟ ಬರಹ ಪ್ರಕಟಿಸಿದರು. ಅದರ ವಸ್ತು ಅವರೆ ಕಾಳು ಮತ್ತು ಡಬಲ್ ಬೀನ್ಸ್. ನಮ್ಮ ಜಠರ ದಾಟಿದ ಮೇಲೆ ಪ್ರೊಟೀನನ್ನು ಒಡೆಯುವ ಟ್ರಿಪ್ಸಿನ್ ಎಂಬ ಕಿಣ್ವವಿದೆಯಲ್ಲ, ಅದನ್ನು ತಡೆಹಿಡಿಯುವ ವಸ್ತುವೊಂದು ಹಸಿ ಕಾಳಿನಲ್ಲಿರುತ್ತದೆ. ಅದನ್ನು ಅವರು ಹರಳಿನ ರೂಪದಲ್ಲಿ ಬೇರ್ಪಡಿಸಿದ್ದರು. ಕಾಳನ್ನು ಚೆನ್ನಾಗಿ ಬೇಯಿಸಿದಾಗ ಈ ತಡೆಯ ಶಕ್ತಿ ಬಹುಮಟ್ಟಿಗೆ ಕುಂದುತ್ತದೆ. ಡಿಸೆಂಬರ್ ಬಂತೆಂದರೆ ಹಳೆ ಮೈಸೂರಿನ ಮನೆ ಮನೆಯಲ್ಲೂ ಅವರೆಕಾಯಿ ಸುಲಿಯುವ, ರಾತ್ರಿ ನೆನೆಹಾಕಿ ಬೆಳಿಗ್ಗೆ ಹಿತಕುವ ಕೆಲಸ ನಡೆಯುತ್ತದೆ. ಹಿತಕಿದ ಬೇಳೆಯ ಸಾರು ಕುದಿಯುತ್ತಿರುವಾಗ ಮಗುವಿಗೆ ಹೇಳಲು ಇದಕ್ಕಿಂತ ಒಳ್ಳೆಯ ವಿಜ್ಞಾನದ ಕಥೆ ನನಗೆ ತೋಚುವುದಿಲ್ಲ.

‘ನೀರಾ’ ಎಂಬ ತಾಳೆಮರದ ಸಿಹಿರಸದ ಪೌಷ್ಟಿಕಾಂಶಗಳ ಮೇಲೂ ಅವರು ವರ್ಷಗಟ್ಟಲೆ ಕೆಲಸ ಮಾಡಿದರು, ಬಾಬು ರಾಜೇಂದ್ರ ಪ್ರಸಾದರ ಸಲಹೆಯಂತೆ. ಅಪೌಷ್ಟಿಕತೆಯಿಂದ ನರಳುವ ಮಕ್ಕಳಿಗೂ ಗರ್ಭಿಣಿಯರಿಗೂ ಅದು ಅಗ್ಗದ ಪೋಷಣೆಯಾದೀತೇ ಎಂಬುದು ಪ್ರಶ್ನೆ. ಆ ಕೆಲಸಕ್ಕೆ ರಾಷ್ಟ್ರಪತಿ ಪ್ರಶಸ್ತಿ ಬಂತು. ಮುಂಬೈ ಸಂಸ್ಥೆಯ ನಿರ್ದೇಶಕರ ಹುದ್ದೆ ಮಾತ್ರ ನ್ಯಾಯವಾಗಿ ಬರಬೇಕಾದ ಕಾಲಕ್ಕೆ ಬರಲಿಲ್ಲ, ಒಳರಾಜಕೀಯದಲ್ಲಿ ನಾಲ್ಕು ವರ್ಷ ತಡವಾಯಿತು. ನಿವೃತ್ತರಾದ ಮೇಲೂ ಸುಮ್ಮನಿರಲಿಲ್ಲ. 1966ರಲ್ಲಿ ಹುಟ್ಟಿದ ಗ್ರಾಹಕ ಸಂಘಟನೆಯೊಂದರಲ್ಲಿ ಸಕ್ರಿಯರಾಗಿದ್ದರು. ಮುಂದೆ ಅದರ ಅಧ್ಯಕ್ಷರಾಗಿ ಗ್ರಾಹಕರ ಸುರಕ್ಷತೆಯ ಬಗ್ಗೆ ಬರೆದರು. ದೇಶ ಅವರನ್ನು ನೆನಪಿಸಿಕೊಂಡದ್ದು ತೀರಾ ತಡವಾಗಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮೊದಲ ಮಹಿಳಾ ಮಹಾನಿರ್ದೇಶಕಿ ಡಾ. ಸತ್ಯವತಿ ಅವರಿಗೆ ಈ ಹಿರಿಯರ ವಿಷಯ ತಿಳಿದು, ಮಂಡಳಿಯಿಂದ ದೆಹಲಿಯಲ್ಲಿ ಸನ್ಮಾನ ಏರ್ಪಾಡಾಯಿತು. ಆ ಸಮಾರಂಭದಲ್ಲೇ ಕಮಲಾ ಕುಸಿದುಬಿದ್ದರು. ಕೆಲವೇ ದಿನಗಳಲ್ಲಿ, 1998ರಲ್ಲಿ, ತೀರಿಕೊಂಡರು. ತುರ್ತುಪರಿಸ್ಥಿತಿಯನ್ನು ಬಹಿರಂಗವಾಗಿ ಎದುರಿಸಿದ ಮರಾಠಿ ಲೇಖಕಿ ದುರ್ಗಾ ಭಾಗವತ್ ಇವರ ಅಕ್ಕ ಎಂಬುದು ತಿಳಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಆ ಮನೆಯ ಹೆಣ್ಣುಮಕ್ಕಳಿಗೆ ಬಾಗಿ ನಡೆಯುವ ಅಭ್ಯಾಸವೇ ಇರಲಿಲ್ಲ.

ಎರಡನೆಯವರು ಅನ್ನಾ ಮಣಿ. ತಿರುವಾಂಕೂರಿನ ಪೀರುಮೇಡಿನಲ್ಲಿ 1918ರಲ್ಲಿ ಹುಟ್ಟಿದವರು. ಇವರ ಬಗ್ಗೆ ಎಲ್ಲ ಪುಸ್ತಕಗಳಲ್ಲೂ ಬರುವ ಒಂದು ಪ್ರಸಂಗವಿದೆ: ಎಂಟನೇ ಹುಟ್ಟುಹಬ್ಬಕ್ಕೆ ಮನೆಯ ವಾಡಿಕೆಯಂತೆ ವಜ್ರದ ಓಲೆ ಕೊಡಲು ಬಂದರೆ, ಓಲೆ ಬೇಡ, ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಕೊಡಿಸಿ ಎಂದರಂತೆ. ಚೆಂದದ ಪ್ರಸಂಗ, ಸಂದೇಹವಿಲ್ಲ. ಆದರೆ ಬಹಳಷ್ಟು ಕಡೆ ಕಥೆ ಅಲ್ಲಿಗೇ ಮುಗಿದುಬಿಡುತ್ತದೆ. ನಿಜವಾದ ಕಥೆ ಆಮೇಲೆ ಇದೆ.

ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ವಿದ್ಯಾರ್ಥಿವೇತನ ಪಡೆದು 1940ರಲ್ಲಿ ಅವರು ಬೆಂಗಳೂರಿಗೆ, ರಾಮನ್ ಅವರದೇ ಪ್ರಯೋಗಾಲಯಕ್ಕೆ ಬಂದರು. ರಾಮನ್ ಆಗ ವಜ್ರಗಳ ಹಿಂದೆ ಬಿದ್ದಿದ್ದರು. ಅನ್ನಾ ಮಣಿಯವರಿಗೆ ವಹಿಸಿದ ಕೆಲಸ ಮೂವತ್ತಕ್ಕೂ ಹೆಚ್ಚು ವಜ್ರಗಳ ಮೇಲೆ ಬೆಳಕು ಬಿಟ್ಟು, ಅವು ಹೊರಸೂಸುವ ಮಂದ ಹೊಳಪಿನ ರೋಹಿತವನ್ನು ದಾಖಲಿಸುವುದು. ಹರಳನ್ನು ದ್ರವರೂಪದ ಗಾಳಿಯಷ್ಟು ತಣ್ಣಗಿನ ಸ್ಥಿತಿಯಲ್ಲಿ ಇಡಬೇಕು. ಕೆಲವು ವಜ್ರಗಳ ಹೊಳಪು ಎಷ್ಟು ಕ್ಷೀಣವೆಂದರೆ ಫೋಟೋ ಫಲಕದ ಮೇಲೆ ಅದರ ಗುರುತು ಮೂಡಲು ಹದಿನೈದರಿಂದ ಇಪ್ಪತ್ತು ಗಂಟೆ ಕಾಯಬೇಕು. ಅಷ್ಟೂ ಹೊತ್ತು ಹರಳು ಕದಲಬಾರದು, ಚಳಿ ಇಳಿಯಬಾರದು, ಹೊರಗಿನ ಬೆಳಕು ಸೋಕಬಾರದು. ಎಷ್ಟೋ ರಾತ್ರಿ ಅವರು ಪ್ರಯೋಗಾಲಯದಲ್ಲೇ ಮಲಗಿದರು. ಇಂದು ಮೊಬೈಲಿನಲ್ಲಿ ಒಂದು ಕ್ಷಣಕ್ಕೆ ಹತ್ತು ಚಿತ್ರ ತೆಗೆಯುವ ಮಕ್ಕಳಿಗೆ, ಒಂದು ಚಿತ್ರಕ್ಕಾಗಿ ಇಪ್ಪತ್ತು ಗಂಟೆ ಕಾದವರ ಬಗ್ಗೆ ಕೇಳಿದರೆ ಕಣ್ಣು ಅರಳುತ್ತದೆ.

1942ರಿಂದ 1945ರ ನಡುವೆ ಒಬ್ಬರೇ ಬರೆದ ಐದು ಸಂಶೋಧನಾ ಲೇಖನ ಪ್ರಕಟವಾದವು. 1945ರ ಆಗಸ್ಟ್‌ನಲ್ಲಿ ಪ್ರಬಂಧವನ್ನು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರು. ಪದವಿ ಸಿಗಲಿಲ್ಲ. ಎಂ.ಎಸ್ಸಿ. ಆಗಿಲ್ಲ ಎಂಬುದು ವಿಶ್ವವಿದ್ಯಾಲಯದ ತಕರಾರು. ಆನರ್ಸ್ ಮುಗಿಸಿ ಸಂಶೋಧನೆಗೆಂದು ವಿದ್ಯಾರ್ಥಿವೇತನ ಪಡೆದೇ ಬಂದವರು ಎಂಬುದು ಯಾರಿಗೂ ಲೆಕ್ಕಕ್ಕೆ ಬರಲಿಲ್ಲ. ಆ ಪ್ರಬಂಧ ಇಂದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ, ಪದವಿ ಪಡೆದ ಬೇರೆ ಪ್ರಬಂಧಗಳ ನಡುವೆಯೇ ಇದೆ. ಜೀವನಪರ್ಯಂತ ಅವರು ‘ಡಾಕ್ಟರ್’ ಆಗಲೇ ಇಲ್ಲ.

ಪ್ರಬಂಧ ಸಲ್ಲಿಸಿದ ವರ್ಷವೇ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಸೈನಿಕರ ಹಡಗಿನಲ್ಲಿ ಇಂಗ್ಲೆಂಡಿಗೆ ಹೋದರು. ಭೌತಶಾಸ್ತ್ರ ಓದಬೇಕೆಂಬ ಆಸೆ. ಸಿಕ್ಕಿದ್ದು ಹವಾಮಾನ ಉಪಕರಣಗಳ ತರಬೇತಿ. ಅದನ್ನೇ ಕಲಿತರು. 1948ರಲ್ಲಿ ಮರಳಿ, ಪುಣೆಯಲ್ಲಿ ಹವಾಮಾನ ಇಲಾಖೆ ಸೇರಿದಾಗ ದೇಶ ಹೊಸದು, ಸರಳ ಉಪಕರಣಗಳಿಗೂ ವಿದೇಶದ ಕಡೆಗೇ ನೋಡಬೇಕಾದ ಸ್ಥಿತಿ. ಸುಮಾರು ನೂರು ಹವಾಮಾನ ಉಪಕರಣಗಳ ನಕ್ಷೆಗಳನ್ನು ಅವರು ಒಂದು ಮಟ್ಟಕ್ಕೆ ತಂದು, ಇಲ್ಲೇ ತಯಾರಾಗುವಂತೆ ಮಾಡಿದರು. 121 ಗಂಡಸರಿದ್ದ ವಿಭಾಗವನ್ನು ಮುನ್ನಡೆಸಿದರು. ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ಮೇಲು ಎಂಬುದು ಅವರ ನಿಲುವು. 1957–58ರ ಅಂತರರಾಷ್ಟ್ರೀಯ ಭೂಭೌತ ವರ್ಷದ ಹೊತ್ತಿಗೆ ಬಿಸಿಲಿನ ಪ್ರಮಾಣ ಅಳೆಯುವ ಕೇಂದ್ರಗಳ ಜಾಲ ಹಾಕಿದರು. ವಿಕ್ರಮ್ ಸಾರಾಭಾಯಿ ಕೇಳಿಕೊಂಡಾಗ ‘ತುಂಬಾ’ ಎಂಬ ಊರಿನ ರಾಕೆಟ್ ನೆಲೆಯಲ್ಲಿ ಹವಾಮಾನ ವೀಕ್ಷಣಾಲಯ ಸ್ಥಾಪಿಸಿಕೊಟ್ಟರು. 1976ರಲ್ಲಿ ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾದ ಮೇಲೆ ಬೆಂಗಳೂರಿಗೆ, ರಾಮನ್ ಸಂಸ್ಥೆಗೇ ಮೂರು ವರ್ಷ ಸಂದರ್ಶಕ ಪ್ರಾಧ್ಯಾಪಕಿಯಾಗಿ ಬಂದರು. ಭಾರತದ ಬಿಸಿಲಿನ ಅಳತೆಗಳನ್ನು ಕೂಡಿಸಿದ ಅವರ ಎರಡು ಗ್ರಂಥಗಳು 1980 ಮತ್ತು 1981ರಲ್ಲಿ ಹೊರಬಂದವು. ಯಾವ ಊರಿನಲ್ಲಿ ಎಷ್ಟು ಬಿಸಿಲು ಬೀಳುತ್ತದೆಂದು ತಿಳಿಯದೆ ಸೌರವಿದ್ಯುತ್ತಿನ ಮಾತೇ ಎತ್ತುವಂತಿಲ್ಲ. ಮನೆಮನೆಯ ಚಾವಣಿಗೆ ಸೌರ ಫಲಕ ಬರುವ ಎಷ್ಟೋ ಮೊದಲೇ ಆ ಲೆಕ್ಕ ಬರೆದಿಟ್ಟವರು ಇವರು.

ಹೆಣ್ಣೆಂಬ ಕಾರಣಕ್ಕೆ ತಾನು ಕಷ್ಟಪಟ್ಟೆ ಎಂದು ಹೇಳಿಕೊಳ್ಳಲು ಅನ್ನಾ ಮಣಿ ಒಪ್ಪುತ್ತಿರಲಿಲ್ಲ. ಹೆಂಗಸರೂ ವಿಜ್ಞಾನವೂ ಎಂಬ ಚರ್ಚೆಯೇ ಅವರಿಗೆ ರುಚಿಸುತ್ತಿರಲಿಲ್ಲ. ಆದರೆ ರಾಮನ್ ಪ್ರಯೋಗಾಲಯದಲ್ಲಿ ಗಂಡು ಹೆಣ್ಣು ವಿದ್ಯಾರ್ಥಿಗಳು ಕೂತು ಮಾತಾಡುವುದಕ್ಕೂ ಕಟ್ಟುಪಾಡಿತ್ತು. ವಿಜ್ಞಾನ ಬೆಳೆಯುವುದೇ ಪರಸ್ಪರ ವಾದ, ಹರಟೆಗಳಲ್ಲಿ. ಆ ಹರಟೆಯಿಂದ ಹೆಣ್ಣುಮಕ್ಕಳು ಹೊರಗೆ. ಅಲ್ಲೇ ದುಡಿದ ಸುನಂದಾ ಬಾಯಿ ಅವರಿಗೂ ಪದವಿ ದಕ್ಕಲಿಲ್ಲ. ಕಮಲಾ ಅವರ ಮರೆಯದ ಸಿಟ್ಟು, ಅನ್ನಾ ಮಣಿಯವರ ‘ಅದೇನು ದೊಡ್ಡ ವಿಷಯ’ ಎಂಬ ಧೋರಣೆ, ಇವೆರಡರಲ್ಲಿ ಯಾವುದು ಸರಿ ಎಂದು ತೀರ್ಪು ಕೊಡುವ ಅವಸರ ನಮಗೆ ಬೇಡ. ಒಂದೇ ಬಾಗಿಲನ್ನು ಇಬ್ಬರು ಎರಡು ಬಗೆಯಲ್ಲಿ ದಾಟಿದರು. ಎರಡನ್ನೂ ಹೇಳಿದರೆ ತನಗೆ ಯಾವುದು ಒಪ್ಪುತ್ತದೆಂದು ಮಗುವೇ ಆರಿಸಿಕೊಳ್ಳುತ್ತದೆ.

ರಾಮನ್ ಹೆಸರಿಗೆ ಮಸಿ ಬಳಿಯುವುದೇ ಎಂದು ಕೆಲವು ಮೇಷ್ಟ್ರುಗಳು ಹಿಂಜರಿಯುತ್ತಾರೆ. ಫೆಬ್ರುವರಿ 28ರ ವಿಜ್ಞಾನ ದಿನ ಅವರ ನೆನಪಿನದೇ ಅಲ್ಲವೇ ಎನ್ನುತ್ತಾರೆ. ರಾಮನ್ ಪರಿಣಾಮದ ಹಿರಿಮೆ ಈ ಕಥೆಯಿಂದ ಕಿಂಚಿತ್ತೂ ಕುಗ್ಗುವುದಿಲ್ಲ. ಅವರು 1934ರಲ್ಲಿ ಹುಟ್ಟುಹಾಕಿದ ಭಾರತೀಯ ವಿಜ್ಞಾನ ಅಕಾಡೆಮಿಯೇ 2008ರಲ್ಲಿ ‘ಲೀಲಾವತೀಸ್ ಡಾಟರ್ಸ್’ ಎಂಬ ಇಂಗ್ಲಿಷ್ ಗ್ರಂಥದಲ್ಲಿ ನಮ್ಮ ವಿಜ್ಞಾನಿ ಮಹಿಳೆಯರ ಬದುಕನ್ನು ಕೂಡಿಸಿ ಪ್ರಕಟಿಸಿತು. ದೊಡ್ಡವರೂ ತಪ್ಪು ಮಾಡುತ್ತಾರೆ, ಒಪ್ಪಿಸಿದರೆ ಮನಸ್ಸು ಬದಲಿಸುತ್ತಾರೆ ಎಂಬುದನ್ನು ಹೈಸ್ಕೂಲು ಮಕ್ಕಳು ಅರಗಿಸಿಕೊಳ್ಳಬಲ್ಲರು. ಅವರ ಬುದ್ಧಿಯ ಮೇಲೆ ನಮಗೇ ನಂಬಿಕೆ ಕಡಿಮೆ.

ಮೂರನೆಯವರು ನಮ್ಮವರೇ. ರಾಜೇಶ್ವರಿ ಹುಟ್ಟಿದ್ದು 1922ರಲ್ಲಿ. ತಂದೆ ಬಿ.ಎಂ. ಶಿವರಾಮಯ್ಯ ನಂಜನಗೂಡಿನಲ್ಲಿ ವಕೀಲರು. ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊಟ್ಟಮೊದಲ ಪದವೀಧರೆಯರ ಸಾಲಿಗೆ ಸೇರಿದವರು. ವಿಧವೆಯರ, ಗಂಡ ಬಿಟ್ಟ ಹೆಣ್ಣುಮಕ್ಕಳ ಓದಿಗಾಗಿ ದುಡಿದವರು. ವಿಧವೆ ಎಂದರೆ ಮನೆಯ ಮೂಲೆ ಎಂದಿದ್ದ ಕಾಲದಲ್ಲಿ ಅವರ ಕೈಗೆ ಪುಸ್ತಕ ಕೊಡುವುದೆಂದರೆ ಇಡೀ ಬೀದಿಯ ಮಾತು ಕೇಳಬೇಕಾಗುತ್ತಿತ್ತು. ಈ ಅಜ್ಜಿ ಸ್ಥಾಪಿಸಿದ ಶಾಲೆಯಲ್ಲೇ ರಾಜೇಶ್ವರಿ ಅಕ್ಷರ ಕಲಿತರು.

ಇತಿಹಾಸವೆಂದರೆ ಅವರಿಗೆ ಆಸೆಯಿತ್ತು. ಕೊನೆಗೆ ಆರಿಸಿಕೊಂಡದ್ದು ಗಣಿತ. ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್ಸಿ. ಆನರ್ಸ್, ಎಂ.ಎಸ್ಸಿ. ಎರಡರಲ್ಲೂ ಮೈಸೂರು ವಿಶ್ವವಿದ್ಯಾಲಯಕ್ಕೆ ಮೊದಲಿಗರು. ರಾಮನ್ ಬಳಿ ಸಂಶೋಧನೆ ಮಾಡುವ ಇಚ್ಛೆಯಿಂದ ಹೋದರು. ಭೌತಶಾಸ್ತ್ರದ ಪದವಿಯಿಲ್ಲ ಎಂದು ಅಲ್ಲೂ ಇಲ್ಲವೆನಿಸಿಕೊಂಡರು. ಅದೇ ಆವರಣದ ಇನ್ನೊಂದು ವಿಭಾಗ, ವಿದ್ಯುತ್ ತಂತ್ರಜ್ಞಾನ ವಿಭಾಗ, 1943ರಲ್ಲಿ ಅವರನ್ನು ಸೇರಿಸಿಕೊಂಡಿತು. 1947ರ ಜುಲೈನಲ್ಲಿ ಸರ್ಕಾರದ ವಿದ್ಯಾರ್ಥಿವೇತನದೊಂದಿಗೆ ಅಮೆರಿಕಕ್ಕೆ ಹಡಗು ಹತ್ತಿದರು. ದೇಶಕ್ಕೆ ಸ್ವಾತಂತ್ರ್ಯ ಬಂದಾಗ ಅವರು ಊರಿನಿಂದ ಬಹುದೂರ. ಮಿಚಿಗನ್‌ನಲ್ಲಿ ಸ್ನಾತಕೋತ್ತರ ಪದವಿ, ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಎಂಟು ತಿಂಗಳ ತರಬೇತಿ, ಮತ್ತೆ ಮಿಚಿಗನ್‌ನಲ್ಲೇ ಪಿಎಚ್.ಡಿ. 1953ರಲ್ಲಿ ಬೆಂಗಳೂರಿಗೆ ವಾಪಸು, ಅದೇ ಸಂಸ್ಥೆಯಲ್ಲಿ ಮೇಷ್ಟ್ರಾಗಿ. ಅದೇ ವರ್ಷ ಸಹೋದ್ಯೋಗಿ ಶಿಶಿರ್ ಕುಮಾರ್ ಚಟರ್ಜಿ ಅವರನ್ನು ಮದುವೆಯಾದರು.

ಗಂಡ ಹೆಂಡತಿ ಸೇರಿ ಅಲ್ಲಿ ಮೈಕ್ರೋವೇವ್ ಸಂಶೋಧನೆಯ ಪ್ರಯೋಗಾಲಯ ಕಟ್ಟಿದರು. ಮೈಕ್ರೋವೇವ್ ಎಂದರೆ ಇಂದಿನ ಮಕ್ಕಳಿಗೆ ಊಟ ಬಿಸಿ ಮಾಡುವ ಪೆಟ್ಟಿಗೆ. ರಾಡಾರಿನಿಂದ ಹಿಡಿದು ಉಪಗ್ರಹ ಸಂಪರ್ಕದವರೆಗೆ ನಡೆಯುವುದೂ ಆ ಅಲೆಗಳಿಂದಲೇ. ಅಲೆಯನ್ನು ಹೊರಬಿಡುವ, ಹಿಡಿಯುವ ಆಂಟೆನಾ ಯಾವ ಆಕಾರದ್ದಿರಬೇಕು, ವಿಮಾನದ ಮೈಮೇಲೆ ಕೂತರೆ ಹೇಗೆ ವರ್ತಿಸುತ್ತದೆ ಎಂಬುದು ಶುದ್ಧ ಗಣಿತದ ಕಗ್ಗಂಟು. ಸೆಂಟ್ರಲ್ ಕಾಲೇಜಿನ ಗಣಿತ ಇಲ್ಲಿ ಕೈಹಿಡಿಯಿತು. ಭೌತಶಾಸ್ತ್ರದ ಪದವಿಯಿಲ್ಲವೆಂದು ಹಿಂದಕ್ಕೆ ಕಳಿಸಲ್ಪಟ್ಟವರು ವಿದ್ಯುತ್ಕಾಂತ ಸಿದ್ಧಾಂತವನ್ನು ತಲೆಮಾರುಗಳಿಗೆ ಪಾಠ ಮಾಡಿದರು, ಇಪ್ಪತ್ತು ಮಂದಿಗೆ ಪಿಎಚ್.ಡಿ. ಮಾರ್ಗದರ್ಶನ ಮಾಡಿದರು, ನೂರಕ್ಕೂ ಹೆಚ್ಚು ಸಂಶೋಧನಾ ಲೇಖನ ಬರೆದರು.

1982ರಲ್ಲಿ ನಿವೃತ್ತರಾದ ಮೇಲೆ ರಾಜೇಶ್ವರಿ ಚಟರ್ಜಿ ಅಜ್ಜಿಯ ಹಾದಿಗೇ ಹೊರಳಿದರು. ಮಹಿಳಾ ಅಧ್ಯಯನದ ಅಖಿಲ ಭಾರತ ಸಂಘದೊಡನೆ ಸೇರಿ ಸಾಮಾಜಿಕ ಕೆಲಸಗಳಲ್ಲಿ ತೊಡಗಿಕೊಂಡರು. 2010ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಮಗಳು ಇಂದಿರಾ ಚಟರ್ಜಿ ಅಮೆರಿಕದ ನೆವಾಡಾ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಪ್ರಾಧ್ಯಾಪಕಿಯಾದರು. ಕಮಲಮ್ಮ ದಾಸಪ್ಪನವರಿಂದ ಎಣಿಸಿದರೆ ಅದು ನಾಲ್ಕನೆಯ ತಲೆಮಾರು.